ಬೆಂಗಳೂರಿನ ಆಸ್ತಿ ತೆರಿಗೆಯನ್ನು ನೀವೇ ಲೆಕ್ಕ ಹಾಕುವ ಕ್ರಮ

2008ರಿಂದ ಜಾರಿಯಲ್ಲಿರುವ ಸ್ವಯಂ ಘೋಷಣೆ ಪದ್ಧತಿಯಲ್ಲಿ ಲೆಕ್ಕದ ಹೊಣೆ ಮಾಲೀಕರದೇ ಆಗಿರುವುದರಿಂದ, ಮೊದಲು ಮನೆಯ ಕಟ್ಟಡ ವಿಸ್ತೀರ್ಣವನ್ನು ಟೇಪು ಹಿಡಿದು ಅಳೆಯಿರಿ. ಹಳೆಯ ರಸೀದಿಯ ಅಂಕಿಯನ್ನು ಕುರುಡಾಗಿ ನಂಬಬೇಡಿ. ನಂತರ ನಿಮ್ಮ ರಸ್ತೆ ಯಾವ ತೆರಿಗೆ ವಲಯಕ್ಕೆ ಸೇರಿದೆ ಎಂದು ನೋಡಿ, ಆ ವಲಯದ ತಿಂಗಳ ಚದರಡಿ ದರದಿಂದ ವಿಸ್ತೀರ್ಣವನ್ನು ಗುಣಿಸಿ, ಬಂದದ್ದನ್ನು 10 ತಿಂಗಳಿಗೆ ಗುಣಿಸಿರಿ. ದರ 2 ರೂಪಾಯಿ ಎಂದಿಟ್ಟುಕೊಂಡರೆ, 1,000 ಚದರಡಿಯ ವಾಸದ ಮನೆಗೆ 20,000 ರೂಪಾಯಿ ಆಗುತ್ತದೆ. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದದ್ದರ ಶೇ 20 ತೆರಿಗೆ, ಅದರ ಮೇಲೆ ಸೆಸ್ (ತೆರಿಗೆಯ ಜೊತೆ ಸೇರುವ ಉಪತೆರಿಗೆ).

ಬಾಡಿಗೆ ಮನೆಯ ದರ ಸ್ವಂತ ವಾಸದ ದರಕ್ಕಿಂತ ಹೆಚ್ಚು. ಬಾಡಿಗೆಗೆ ಕೊಟ್ಟು ಸ್ವಂತ ವಾಸವೆಂದು ಬರೆಯುವ ಅಭ್ಯಾಸವೇ (ನಮ್ಮ ಬೀದಿಯಲ್ಲೂ ಇದೆ) ಪಾಲಿಕೆಯ ಬಜೆಟ್ಟಿನಲ್ಲಿ ಸದ್ದಿಲ್ಲದೆ ಕೊರತೆ ಹುಟ್ಟಿಸುತ್ತದೆ.