ಸಂಬಳದ ಪತ್ರ ಕೇಳುವ ಮುಂಚೆ ಇದನ್ನು ಓದಿ: ದುಬೈಗೆ ಹೊಸದಾಗಿ ಬಂದ ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ಊರಿನಲ್ಲಿ ಕೆಲಸ ಮಾಡುತ್ತಿದ್ದಾಗ ಬ್ಯಾಂಕಿನವರು ಆದಾಯದ ದಾಖಲೆ ಕೇಳಿದರೆ ಫಾರಂ 16 ಕೊಡುತ್ತಿದ್ದಿರಿ, ಇಲ್ಲವೇ ಐಟಿ ರಿಟರ್ನ್ಸ್ ಕೊಡುತ್ತಿದ್ದಿರಿ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. ಹಾಗಾಗಿ ಆ ಥರದ ಕಾಗದ ಯಾವುದೂ ನಿಮ್ಮ ಹತ್ತಿರ ಇರುವುದಿಲ್ಲ. ಸಂಬಳ ಎಷ್ಟು ಅಂತ ಹೇಳುವುದಕ್ಕೆ ಕಂಪನಿ ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ ಮಾಡಿ, ಸೀಲ್ ಹಾಕಿ ಕೊಡುವ ಒಂದು ಪುಟವೇ ಆಧಾರ. ಅದಕ್ಕೇ ಸ್ಯಾಲರಿ ಸರ್ಟಿಫಿಕೇಟ್ ಅನ್ನುತ್ತಾರೆ.

ನಾನು ಹನ್ನೊಂದು ವರ್ಷ ದುಬೈಯಲ್ಲಿದ್ದು ಈಗ ಹಾಸನಕ್ಕೆ ವಾಪಸ್ ಬಂದಿದ್ದೇನೆ. ಆದರೂ ನಮ್ಮ ಕಡೆಯವರ ಸಂಘದವರು ಈ ಪುಟ ನೀವೇ ಬರೆದುಕೊಡಿ ಅಂದರು. ಪತ್ರ ಕೊಡುವುದು ಅಲ್ಲಿ, ಆದರೆ ಎಷ್ಟೋ ಸಲ ಅದು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ, ನಮ್ಮ ಊರಿನ ಬ್ಯಾಂಕಿನಲ್ಲಿ. ಅಲ್ಲಿ ಹೋಗಿ ನಿಲ್ಲುವವರು ನಿಮ್ಮ ವಯಸ್ಸಾದ ಅಪ್ಪ ಅಮ್ಮ.

ನಮ್ಮ ಮನೆಯಲ್ಲಿ ಆಗಿದ್ದನ್ನೇ ಹೇಳುತ್ತೇನೆ. 2017ರಲ್ಲಿ ಹಾಸನದಲ್ಲಿದ್ದ ಸೈಟಿನ ಮೇಲೆ ಮನೆ ಕಟ್ಟಿಸಲು ಸಾಲಕ್ಕೆ ಅರ್ಜಿ ಹಾಕಿದೆವು. ಎಚ್‌ಆರ್‌ಗೆ ನಾನು ಸುಮ್ನೆ 'ಸ್ಯಾಲರಿ ಸರ್ಟಿಫಿಕೇಟ್ ಬೇಕು' ಅಂತ ಒಂದು ಸಾಲು ಬರೆದೆ, ಅವರು ಕೊಟ್ಟರು, ಊರಿಗೆ ಹೊರಟಿದ್ದ ಗೆಳೆಯನ ಕೈಯಲ್ಲಿ ಅಪ್ಪನಿಗೆ ಕಳಿಸಿದೆ, ನಾನು ಒಂದು ಸಲವೂ ಸರಿಯಾಗಿ ಓದಲಿಲ್ಲ. ಬ್ಯಾಂಕಿನವರು ಪತ್ರವನ್ನು ಸೈಟಿನ ಖಾತೆಯ ಪಕ್ಕ ಇಟ್ಟು, ಎರಡು ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಅಪ್ಪನಿಗೆ ವಾಪಸ್ ಕೊಟ್ಟರು. ಒಂದು ಗೆರೆ ಸಂಬಳದ ಕೆಳಗೆ. ಪತ್ರದಲ್ಲಿ ಬೇಸಿಕ್ 5,000 ದಿರ್ಹಂ ಅಂತ ಮಾತ್ರ ಇತ್ತು, ಅಕೌಂಟಿಗೆ ಬೀಳುತ್ತಿದ್ದದ್ದು 9,000. ಎರಡನೇ ಗೆರೆ ನನ್ನ ಹೆಸರಿನ ಕೆಳಗೆ.

ಈ ಹೆಸರಿನ ತಾಪತ್ರಯ ನಮ್ಮ ಕಡೆಯವರಿಗೆ ಜಾಸ್ತಿ. ಖಾತೆಯಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಹಾಕಿ ಒಂದು ಹೆಸರು: ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ಊರು, ಅಪ್ಪ ಇಬ್ಬರೂ ಪೂರ್ತಿ ಬಂದು ಕೂತಿರುತ್ತಾರೆ. ಕಂಪನಿಯವರು ಪಾಸ್‌ಪೋರ್ಟ್ ನೋಡಿ ಬರೆಯುತ್ತಾರೆ. ಅದು ಸರಿಯೇ. ಆದರೆ ನಿಮ್ಮನ್ನು ಎಂದೂ ನೋಡದ ಅಧಿಕಾರಿಗೆ ಅವು ಇಬ್ಬರು ಬೇರೆ ಬೇರೆ ಜನರ ಹೆಸರು, ಅಲ್ವಾ? ಇದಕ್ಕೆ ದಾರಿ, ಎರಡೂ ಹೆಸರು ಒಬ್ಬನದೇ ಎಂದು ನೋಟರಿ ಮುಂದೆ ಮಾಡಿಸುವ ಅಫಿಡವಿಟ್. ಅದಕ್ಕೆ ನಿಮ್ಮದೇ ಸಹಿ ಬೇಕು. ಹೊರಡುವ ಮುಂಚೆ ಅಥವಾ ರಜೆಗೆ ಬಂದಾಗ ಊರಿನಲ್ಲೇ ಮಾಡಿಸಿಟ್ಟುಕೊಳ್ಳಿ. ಪತ್ರದಲ್ಲಿ ಹೆಸರಿನ ಜೊತೆ ಪಾಸ್‌ಪೋರ್ಟ್ ನಂಬರನ್ನೂ ಹಾಕಿಸಿ.

ನನಗೆ ಹೊಸ ಪತ್ರ ಬರುವ ಹೊತ್ತಿಗೆ ಬ್ಯಾಂಕಿಗೆ ಕೊಟ್ಟಿದ್ದ ಸ್ಟೇಟ್‌ಮೆಂಟ್ ಹಳೆಯದಾಗಿತ್ತು. ಅಪ್ಪ ಮಳೆಯಲ್ಲಿ ನಾಲ್ಕು ಸಲ ಓಡಾಡಿದರು. ಆ ಓಡಾಟ ಬೇರೆ ಯಾರ ಮನೆಯವರಿಗೂ ಬೇಡ ಅಂತಲೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಹಾಗಾದರೆ ಹೇಗೆ ಕೇಳಬೇಕು? ಪತ್ರ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖಿನೊಳಗೆ ಬೇಕು ಎನ್ನುವುದನ್ನು ಮೇಲ್‌ನ ಮೊದಲ ಸಾಲಿನಲ್ಲೇ ಬರೆಯಿರಿ. ಬ್ಯಾಂಕಿಗಾದರೆ ಬ್ಯಾಂಕಿನ ಮತ್ತು ಶಾಖೆಯ ಹೆಸರು, ಪ್ರವಾಸದ ವೀಸಾಕ್ಕಾದರೆ ಆ ದೇಶದ ಕಾನ್ಸುಲೇಟ್ ಹೆಸರು. ವೀಸಾಕ್ಕೆ ಸಂಬಳದ ಜೊತೆಗೆ ರಜೆ ಮಂಜೂರಾದ ತಾರೀಖು, ಎನ್‌ಒಸಿ (ಕಂಪನಿಯ ಅಭ್ಯಂತರ ಇಲ್ಲ ಎಂಬ ಪತ್ರ) ಸಹ ಕೇಳುತ್ತಾರೆ. ಬೇಸಿಕ್ ಎಷ್ಟು, ಮನೆ ಬಾಡಿಗೆ ಭತ್ಯೆ ಎಷ್ಟು, ಓಡಾಟದ ಭತ್ಯೆ ಎಷ್ಟು, ಒಟ್ಟು ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಕೆಲಸಕ್ಕೆ ಸೇರಿದ ತಾರೀಖು, ಹುದ್ದೆ ಎರಡೂ ಇರಲಿ. ಹುದ್ದೆ ನಿಮ್ಮ ಲೇಬರ್ ಕಾಂಟ್ರಾಕ್ಟ್‌ನಲ್ಲಿ ಇರುವ ಹಾಗೇ ಇರಬೇಕು, ವಿಸಿಟಿಂಗ್ ಕಾರ್ಡಿನಲ್ಲಿ ಇರುವ ಹಾಗಲ್ಲ. ಪತ್ರ ತಿಂಗಳಿಗಿಂತ ಹಳೆಯದಾದರೆ ಜಾಸ್ತಿ ಕಡೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಬೇಕಾಗುವ ಹೊತ್ತಿಗೆ ಕೇಳಿ, ಆದರೆ ಕೊನೇ ದಿನ ಕೇಳಬೇಡಿ. ಸಹಿ ಹಾಕುವವರು ರಜೆಯಲ್ಲಿದ್ದರೆ ಅಲ್ಲಿಗೆ ಮುಗಿಯಿತು.

ಯಾರೂ, ಎಷ್ಟೇ ಅವಸರವಿದ್ದರೂ, ಸಂಬಳ ಸ್ವಲ್ಪ ಏರಿಸಿ ಬರೆದುಕೊಡಿ ಅಂತ ಪರಿಚಯದವರನ್ನು ಕೇಳಬೇಡಿ. ಅಲ್ಲಿ 2009ರಿಂದ ಡಬ್ಲ್ಯೂಪಿಎಸ್, ಅಂದರೆ ವೇಜಸ್ ಪ್ರೊಟೆಕ್ಷನ್ ಸಿಸ್ಟಂ ಇದೆ. ಖಾಸಗಿ ಕಂಪನಿಗಳು ಕೊಡುವ ಸಂಬಳ ಬ್ಯಾಂಕ್ ಮೂಲಕವೇ ಹೋಗಿ ಸರ್ಕಾರದ ಲೆಕ್ಕಕ್ಕೆ ಸಿಗುತ್ತದೆ. ಪತ್ರ, ಕಾಂಟ್ರಾಕ್ಟ್, ಅಕೌಂಟಿಗೆ ಬಿದ್ದ ದುಡ್ಡು, ಈ ಮೂರೂ ತಾಳೆಯಾಗಬೇಕು. ಸುಳ್ಳು ಪತ್ರ ಅಲ್ಲಿ ಅಪರಾಧ. ಕೆಲಸವೂ ಹೋಗುತ್ತದೆ, ವೀಸಾವೂ ಹೋಗುತ್ತದೆ.

ಹೆಂಡತಿ ಮಕ್ಕಳ ವೀಸಾಕ್ಕೆ ಸಂಬಳ ಕನಿಷ್ಠ 4,000 ದಿರ್ಹಂ, ಇಲ್ಲವೇ 3,000 ಮತ್ತು ಕಂಪನಿ ಕೊಟ್ಟ ಮನೆ ಇರಬೇಕು. ಖಾಸಗಿ ಕಂಪನಿಯವರಿಗೆ ಈ ವೀಸಾದಲ್ಲಿ ಲೇಬರ್ ಕಾಂಟ್ರಾಕ್ಟ್ ಮುಖ್ಯ. ಇದಕ್ಕೆ ಮದುವೆ ಸರ್ಟಿಫಿಕೇಟ್ ಅಟೆಸ್ಟೇಷನ್, ಅಂದರೆ ಅಸಲಿ ಎಂಬ ದೃಢೀಕರಣ, ಆಗಿರಬೇಕು: ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ, ಆಮೇಲೆ ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ. ವಾರಗಳು ಹಿಡಿಯುತ್ತದೆ. ಲಗ್ನಪತ್ರಿಕೆ, ಫೋಟೋ ಆಲ್ಬಂ ಯಾವುದೂ ಇದಕ್ಕೆ ಬದಲಾಗುವುದಿಲ್ಲ.

ಸ್ಯಾಲರಿ ಟ್ರಾನ್ಸ್‌ಫರ್ ಲೆಟರ್ ಅಂತ ಇನ್ನೊಂದಿದೆ, ಅದು ಬೇರೆಯೇ. ಅಲ್ಲಿನ ಬ್ಯಾಂಕಿನಲ್ಲಿ ಸಾಲ ತೆಗೆದುಕೊಂಡಾಗ, ಈ ನೌಕರನ ಸಂಬಳವನ್ನೂ ಕೆಲಸ ಬಿಡುವಾಗಿನ ಗ್ರಾಚ್ಯುಟಿಯನ್ನೂ ಇದೇ ಅಕೌಂಟಿಗೆ ಹಾಕುತ್ತೇವೆ ಅಂತ ಕಂಪನಿ ಬರೆದುಕೊಡುವ ಮಾತು. ಅಲ್ಲಿನ ಸೆಂಟ್ರಲ್ ಬ್ಯಾಂಕ್ ನಿಯಮದಂತೆ ವೈಯಕ್ತಿಕ ಸಾಲ ಸಂಬಳದ 20 ಪಟ್ಟಿನವರೆಗೆ ಸಿಗಬಹುದು, 48 ತಿಂಗಳಲ್ಲಿ ತೀರಿಸಬೇಕು. ಬಂದ ಆರು ತಿಂಗಳಿಗೇ ಫೋನ್ ಮಾಡಿ ಸಾಲ ಬೇಕಾ ಅಂತ ಕೇಳುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ತೆಗೆದುಕೊಳ್ಳಬೇಡಿ. ಕೆಲಸ ಹೋದರೆ ಊರಿಗೆ ಬರಲೂ ಆಗದೆ, ಇರಲೂ ಆಗದೆ ಕೂತವರನ್ನು ನೋಡಿದ್ದೇನೆ.

ಇನ್ನು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯವರು ಇದನ್ನು ಗಮನ ಇಟ್ಟು ಓದಿ. ಎನ್‌ಆರ್‌ಐ ಆದವರು ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಕಾಫಿ ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ಕಾನೂನು ಫೆಮಾದ ನಿಯಮ ಅದು. ಅಪ್ಪ, ತಾತನಿಂದ ಪಾಲಿಗೆ ಬಂದ ತೋಟ ಇಟ್ಟುಕೊಳ್ಳಬಹುದು. ಪಕ್ಕದ ಎರಡು ಎಕರೆ ಮಾರಾಟಕ್ಕಿದೆ ಅಂತ ಅಡ್ವಾನ್ಸ್ ಕೊಟ್ಟು ಆಮೇಲೆ ಪತ್ರಕ್ಕೆ ಓಡಾಡಬೇಡಿ, ಎಷ್ಟು ಚೆನ್ನಾಗಿರುವ ಪತ್ರ ತಂದರೂ ಅದಕ್ಕೆ ಆಗುವುದಿಲ್ಲ.

ಊರಿನ ಗೃಹಸಾಲಕ್ಕೆ ಪತ್ರದ ಜೊತೆ ಸಾಮಾನ್ಯವಾಗಿ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪೇ ಸ್ಲಿಪ್, ವೀಸಾ, ಕಾಂಟ್ರಾಕ್ಟ್ ಕೇಳುತ್ತಾರೆ. ಅಪ್ಪನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಭಾರತೀಯ ಕಾನ್ಸುಲೇಟ್‌ನ ಅಟೆಸ್ಟೇಷನ್ ಮಾಡಿಸಿ ಕಳಿಸಿ. ಅದು ಊರಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಇದನ್ನು ಮರೆಯುವವರೇ ಜಾಸ್ತಿ.

ಕೆಲಸ ಬಿಡುವಾಗ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾರ್ಮಿಕ ಕಾನೂನಿನಲ್ಲಿ, ನೌಕರ ಕೇಳಿದರೆ ಕಂಪನಿ ಇದನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ಕೊನೆಯ ಸಂಬಳ ಎಲ್ಲ ಅದರಲ್ಲಿ ಇರಬೇಕು. ಕಂಪನಿ ಮುಚ್ಚಿಹೋದ ಮೇಲೆ ಕೇಳಲು ಯಾರೂ ಸಿಗುವುದಿಲ್ಲ.

ಪತ್ರದ ಕರಡು ಬಂದಾಗ, ಸೀಲ್ ಹಾಕುವ ಮುಂಚೆ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರವನ್ನೂ ಜೋರಾಗಿ ಓದಿ ನೋಡಿ. ಅನುಮಾನ ಇದ್ದರೆ ಸಂಘದವರಿಗೆ ತೋರಿಸಿ. ಒರಿಜಿನಲ್ ಎರಡು ಪ್ರತಿ ಕೇಳಿ, ಒಂದನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ಇನ್ನೊಂದನ್ನು ಊರಿಗೆ ಕಳಿಸಿ.