ಲಡಾಖಿನ ಬಿಸಿನೀರ ಬುಗ್ಗೆ: ಪೂಗಾದಲ್ಲಿ ನೋಡಿ, ಚುಮಾಥಾಂಗ್‌ನಲ್ಲಿ ಮೀಯಿರಿ

ಪುತ್ತೂರಿನ ಬಳಿಯ ಇರ್ದೆಯ ಬೆಂದ್ರ್ ತೀರ್ಥವನ್ನು ಬಲ್ಲವರಿಗೆ ಬಿಸಿನೀರ ಬುಗ್ಗೆ ಎಂದರೆ ಬೆಚ್ಚನೆಯ ಕೊಳ. ಮೈಗೆ ಹಿತವಾದ ಬಿಸಿ, ಇಳಿದರೆ ಆಯಿತು. ಆ ನೆನಪನ್ನೇ ಹೊತ್ತು ಲಡಾಖಿನ ಪೂಗಾ ಕಣಿವೆಗೆ ಹೋದರೆ ಅಪಾಯ. ಅಲ್ಲಿ ನೀರು ಕುದಿಯುತ್ತಲೇ ನೆಲದಿಂದ ಹೊರಬರುತ್ತದೆ. ಸುಮಾರು 4,400 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನೀರು ಕುದಿ ಬರುತ್ತದೆ. ಅನ್ನ ಸರಿಯಾಗಿ ಬೇಯಲು ಆ ಬಿಸಿ ಸಾಲದು, ಕುಕ್ಕರ್ ಬೇಕು. ಚರ್ಮ ಸುಡಲು ಮಾತ್ರ ಧಾರಾಳ ಸಾಕು.

ಆದ್ದರಿಂದ ನನ್ನ ಸಲಹೆ ಇಷ್ಟು: ಪೂಗಾ ನೋಡುವುದಕ್ಕೆ, ಚುಮಾಥಾಂಗ್ ಸ್ನಾನಕ್ಕೆ. ಎರಡೂ ಲೇಹ್‌ನಿಂದ ಒಂದೇ ದಾರಿಯಲ್ಲಿವೆ.

ಮೊದಲು ಮೈ ಒಗ್ಗಲಿ

ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬೆಂಗಳೂರಿನಿಂದ ದೆಹಲಿ ಮಾರ್ಗವಾಗಿ ವಿಮಾನದಲ್ಲಿ ಹೋದರೆ ಕೆಲವೇ ಗಂಟೆಗಳಲ್ಲಿ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿಯುತ್ತೀರಿ. ದೇಹಕ್ಕೆ ಅದು ಗೊತ್ತಾಗುವುದು ಸಂಜೆಗೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಅದರ ಲಕ್ಷಣಗಳು. ಎರಡು ಪೂರ್ತಿ ದಿನ ಲೇಹ್‌ನಲ್ಲೇ ಇರಿ. ಮೊದಲ ದಿನ ಮೆಟ್ಟಿಲು ಹತ್ತುವುದೂ ಬೇಡ. ಆಗಾಗ ನೀರು ಕುಡಿಯುತ್ತಿರಿ, ಮದ್ಯ ಮುಟ್ಟಬೇಡಿ. ಎತ್ತರದ ಈ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಚಾರವನ್ನು ಊರಿನಲ್ಲೇ ವೈದ್ಯರ ಬಳಿ ಮಾತನಾಡಿಕೊಳ್ಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮುಚ್ಚಿಡದೆ ಹೇಳಬೇಕು. ಸಮಯ ಇರುವವರಿಗೆ ಶ್ರೀನಗರ–ಕಾರ್ಗಿಲ್ ರಸ್ತೆ ವಾಸಿ, ಎತ್ತರ ಮೆಲ್ಲಗೆ ಏರುತ್ತದೆ.

ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟಿದರೆ, ನಡೆಯುವಾಗ ತೂರಾಡಿದರೆ ಪ್ರವಾಸ ಅಲ್ಲಿಗೇ ನಿಲ್ಲಿಸಿ. ತಡಮಾಡದೆ ಕೆಳಗಿನ ಎತ್ತರಕ್ಕೆ ಇಳಿದು ಆಸ್ಪತ್ರೆ ಸೇರಬೇಕು. ನಾಳೆ ಸರಿಹೋಗುತ್ತದೆ ಎಂದು ಕಾಯುವ ವಿಷಯ ಇದಲ್ಲ.

ಕಾಗದಪತ್ರ, ಫೋನ್, ಇಂಧನ

ಪೂಗಾ, ಚುಮಾಥಾಂಗ್ ಎರಡೂ ಇರುವ ಚಾಂಗ್‌ಥಾಂಗ್, ದೇಶದ ಗಡಿಗೆ ಹತ್ತಿರದ ಪ್ರದೇಶ. ಭಾರತೀಯರಿಗೆ ಗುರುತಿನ ಚೀಟಿ ಕೈಯಲ್ಲಿರಬೇಕು; ಪರವಾನಗಿ ಮತ್ತು ಪರಿಸರ ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಲೇಹ್‌ನಲ್ಲಿ ಕೇಳಿಕೊಳ್ಳಿ. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಬರುವ ನಮ್ಮ ಬಂಧುಗಳ ಕೈಯಲ್ಲಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಲೇಬೇಕು. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ಕಣಿವೆಯೊಳಗೆ ಅದನ್ನು ನಂಬಿ ಕೂರಬೇಡಿ, ಎಲ್ಲಿಗೆ ಹೋಗುತ್ತೀರಿ, ಎಂದು ಮರಳುತ್ತೀರಿ ಎಂದು ತಂಗಿದ ಮನೆಯವರಿಗೆ ಹೇಳಿ ಹೊರಡಿ. ನಗದು ಇಟ್ಟುಕೊಳ್ಳಿ. ಇಂಧನವನ್ನು ದಾರಿಯಲ್ಲಿ ಸಿಗುವ ಕಾರು ಎಂಬ ಊರಿನಲ್ಲೇ ತುಂಬಿಸಿಕೊಂಡುಬಿಡಿ. ಸ್ಥಳೀಯ ಟ್ಯಾಕ್ಸಿ ಹಿಡಿಯುವುದೇ ಮೇಲು. ಚಾಲಕನಿಗೆ ರಸ್ತೆಯೂ ಗೊತ್ತು, ನೆಲವೂ ಗೊತ್ತು.

ದಾರಿ

ಲೇಹ್‌ನಿಂದ ಕಾರು, ಅಲ್ಲಿಂದ ಉಪ್ಶಿ. ಉಪ್ಶಿಯಲ್ಲಿ ಮನಾಲಿಯ ರಸ್ತೆ ಕವಲೊಡೆಯುತ್ತದೆ. ನೀವು ಅದನ್ನು ಬಿಟ್ಟು ಸಿಂಧೂ ನದಿಯ ದಡವನ್ನೇ ಹಿಡಿಯಬೇಕು. ಸುಮಾರು 140 ಕಿಲೋಮೀಟರ್ ಆದಾಗ ನದಿಯ ಅಂಚಿನಿಂದಲೇ ಆವಿ ಏಳುವುದು ಕಾಣುತ್ತದೆ. ಅದು ಚುಮಾಥಾಂಗ್. ಎತ್ತರ ಸುಮಾರು 4,000 ಮೀಟರ್. ಮೊದಲ ರಾತ್ರಿ ಇಲ್ಲೇ ಮಲಗಿ, ಪೂಗಾಕ್ಕೆ ಮರುದಿನ ಬೆಳಿಗ್ಗೆ ಹೋಗಿ. ಮಾಹೆ ಸೇತುವೆ ದಾಟಿ, ಸುಮ್ದೊದಲ್ಲಿ ತ್ಸೋ ಮೊರಿರಿ ಸರೋವರದ ದಾರಿಯನ್ನು ಬಿಟ್ಟು ತ್ಸೋ ಕಾರ್ ಕಡೆಯ ದಾರಿಗೆ ತಿರುಗಬೇಕು.

ಪೂಗಾದಲ್ಲಿ ಹೆಜ್ಜೆ ನೋಡಿ ಇಡಿ

ಕಣಿವೆಗೆ ಕಾಲಿಟ್ಟೊಡನೆ ಗಂಧಕದ ವಾಸನೆ. ನೆಲದ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿಯ ಪದರ, ಅದು ಬಿಳಿಗಾರ (ಬೋರಾಕ್ಸ್). ನಡುನಡುವೆ ಹಳದಿ ಗಂಧಕ, ಬುಳುಬುಳು ಎನ್ನುವ ಕೆಸರಿನ ಗುಂಡಿಗಳು. ಭಾರತದ ಭೂಫಲಕ ಏಷ್ಯಾದ ಫಲಕಕ್ಕೆ ಗುದ್ದಿ ಬೆಸೆದುಕೊಂಡ ಅಂಚು ಇಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಹಿಮ ಕರಗಿದ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ಕಾದು, ಖನಿಜಗಳನ್ನು ಕರಗಿಸಿಕೊಂಡು ಮತ್ತೆ ಮೇಲೇರುತ್ತದೆ. ಈ ಶಾಖದಿಂದ ವಿದ್ಯುತ್ ತೆಗೆಯಬಹುದೇ ಎಂದು 1970ರ ದಶಕದಿಂದಲೇ ಇಲ್ಲಿ ನೆಲ ಕೊರೆದು ನೋಡಲಾಗಿದೆ. 2021ರಲ್ಲಿ ಒಎನ್‌ಜಿಸಿಯೂ ಅದಕ್ಕಾಗಿ ಒಪ್ಪಂದ ಮಾಡಿಕೊಂಡಿತು.

ಆ ಬಿಳಿಯ ಪದರ ಗಟ್ಟಿ ನೆಲವೆಂದು ತಿಳಿಯಬೇಡಿ. ಕೆಲವೆಡೆ ಅದು ಹಪ್ಪಳದಷ್ಟು ತೆಳು, ಅಡಿಯಲ್ಲಿ ಕುದಿಯುವ ಕೆಸರು. ಆಗಲೇ ಕಾಲ್ದಾರಿ ಬಿದ್ದಿರುವ ಕಡೆ ಮಾತ್ರ ನಡೆಯಿರಿ, ಮಕ್ಕಳ ಕೈ ಬಿಡಬೇಡಿ. ಚಿತ್ರ ತೆಗೆಯುತ್ತ ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಕೂಡದು. ಮೊಟ್ಟೆ ಬೇಯಿಸಿ ಸಿಪ್ಪೆ ಅಲ್ಲೇ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಜೌಗು ಹುಲ್ಲುಗಾವಲು ಚಾಂಗ್‌ಪಾ ಪಶುಪಾಲಕರ ಪಶ್ಮೀನಾ ಆಡುಗಳ ಮೇವು. ಲಡಾಖಿನ ರಾಜ್ಯಪಕ್ಷಿ, ಕಪ್ಪು ಕತ್ತಿನ ಕೊಕ್ಕರೆ, ಗೂಡು ಕಟ್ಟುವುದೂ ಇಂಥ ಜೌಗಿನಲ್ಲೇ. ಹಕ್ಕಿ ಕತ್ತೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ.

ಮಧ್ಯಾಹ್ನದ ಮೇಲೆ ಗಾಳಿ ಜೋರಾಗುತ್ತದೆ. ಅಷ್ಟರೊಳಗೆ ಹೊರಟು ಚುಮಾಥಾಂಗ್‌ಗೆ ಮರಳಿ.

ಸ್ನಾನ

ಚುಮಾಥಾಂಗ್‌ನ ಬುಗ್ಗೆಯೂ ಹುಟ್ಟುವಲ್ಲಿ ಸುಡುವಷ್ಟು ಬಿಸಿ. ಆ ನೀರನ್ನು ಬಚ್ಚಲಿಗೆ ಹಾಯಿಸಿಕೊಂಡ ಚಿಕ್ಕ ತಂಗುಮನೆಗಳಿವೆ, ಅಲ್ಲೇ ಮೀಯಿರಿ. ಕೂಸಿಗೆ ಎರೆಯುವ ಮುನ್ನ ಅಜ್ಜಿ ಮೊಣಕೈ ಅದ್ದಿ ನೋಡುತ್ತಾಳಲ್ಲ, ಹಾಗೆಯೇ ನೋಡಿ. ತಣ್ಣೀರು ಬೆರೆಸಿ ಹದ ಮಾಡಿಕೊಳ್ಳಿ. ಸಿಂಧೂವಿನ ದಡದಲ್ಲಿ ನದಿನೀರೂ ಬುಗ್ಗೆಯ ನೀರೂ ಕೂಡುವ ಕಡೆ ಕೆಲವರು ಕೂರುತ್ತಾರೆ. ನದಿಯ ಸೆಳೆತ ಬಲವಾಗಿರುವುದರಿಂದ ಪಾದ ಅದ್ದುವುದಕ್ಕಿಂತ ಮುಂದೆ ಹೋಗಬೇಡಿ. ಅಲ್ಲಿ ಸೋಪು, ಶಾಂಪೂ ಬೇಡವೇ ಬೇಡ.

ಹತ್ತು ನಿಮಿಷ ಸಾಕು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ತೆಳುಗಾಳಿಯ ನಾಡಿನಲ್ಲಿ ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳಬಹುದು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಒಬ್ಬರೇ ಮೀಯುವುದಾದರೆ ಬಾಗಿಲಿನ ಹೊರಗೆ ಒಬ್ಬರು ಇರಲಿ. ಮೆಲ್ಲಗೆ ಎದ್ದು, ಸ್ವಲ್ಪ ಹೊತ್ತು ಕುಳಿತು, ನೀರು ಕುಡಿಯಿರಿ. ಸೂರ್ಯ ಮುಳುಗಿದೊಡನೆ ಹೊರಗಿನ ಗಾಳಿ ಕೊರೆಯತೊಡಗುತ್ತದೆ, ಆದ್ದರಿಂದ ತಲೆ ಒರೆಸಿ ಉಣ್ಣೆಯ ಟೋಪಿ ಹಾಕಿಕೊಂಡ ಮೇಲೆಯೇ ಬಚ್ಚಲಿನ ಬಾಗಿಲು ತೆರೆಯಿರಿ.