ಮಂಡಿ ಆಪರೇಷನ್ ಆದಮೇಲೆ ಡ್ರೈನಿನ ರಕ್ತ: ಯಾವಾಗ ಏರಿಸಬೇಕು, ಯಾವಾಗ ಚೆಲ್ಲಬೇಕು

ಮಂಡಿ ಕೀಲು ಬದಲಾಯಿಸಿದ ಮೇಲೆ ಗಾಯದೊಳಗೆ ಸೋರುವ ರಕ್ತವನ್ನು ಡ್ರೈನ್ ನಳಿಕೆಯಿಂದ ಹಿಡಿದು, ಸೋಸಿ, ಅದೇ ರೋಗಿಗೆ ಏರಿಸುವ ಕಿಟ್ ಇದೆ. ಜಗಳೂರು, ಮೊಳಕಾಲ್ಮುರು ಕಡೆಯಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಬಂದು ರಕ್ತ ಕೊಡುವವರಿಗಾಗಿ ಪರದಾಡುವ ಮನೆಯವರಿಗೆ ಈ ಮಾತು ಹಿಡಿಸುತ್ತದೆ. ‘ನಮ್ಮದೇ ರಕ್ತ, ಏನಾಗುತ್ತೆ ಬಿಡ್ರಿ’ ಅನ್ನುತ್ತಾರೆ. ಬೇರೆಯವರ ಸೋಂಕಿನ ಭಯ ಇಲ್ಲ, ನಿಜ. ಆದರೆ ಈ ರಕ್ತವನ್ನು ಸೋಸಿರುತ್ತಾರೆ ಅಷ್ಟೇ, ತೊಳೆದಿರುವುದಿಲ್ಲ. ಒಡೆದ ಕೆಂಪುಕಣ, ಮಜ್ಜೆಯ ಕೊಬ್ಬು ಅದರಲ್ಲಿ ಉಳಿದಿರುತ್ತವೆ.

ಮೊದಲು ಥಿಯೇಟರಿನಲ್ಲೇ ಕೇಳಿ. ಮಂಡಿಯಲ್ಲಿ ಕೀವು, ಸೋಂಕು ಅಥವಾ ಕ್ಯಾನ್ಸರ್ ಇದ್ದರೆ ಈ ರಕ್ತ ಬೇಡ. ಪೊವಿಡೋನ್ ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಗಾಯ ತೊಳೆದು, ಆಮೇಲೆ ಸಲೈನಿನಿಂದ ಚೆನ್ನಾಗಿ ತೊಳೆಯದೆ ಮುಚ್ಚಿದ್ದರೂ ಬೇಡ.

ಉಳಿದದ್ದೆಲ್ಲ ಗಡಿಯಾರದ ಲೆಕ್ಕ. ಡ್ರೈನಿನ ಕ್ಲಾಂಪ್ ಬಿಚ್ಚಿ ರಕ್ತ ಹಿಡಿಯಲು ಶುರುಮಾಡಿದ ಹೊತ್ತನ್ನು ರೋಗಿಯ ಹೆಸರು, ಐಪಿ ನಂಬರ್ (ಆಸ್ಪತ್ರೆಯ ದಾಖಲಾತಿ ಸಂಖ್ಯೆ) ಸಮೇತ ಬ್ಯಾಗಿನ ಮೇಲೇ ಬರೆಯಬೇಕು. ಆ ಹೊತ್ತಿನಿಂದ 6 ಗಂಟೆಯೊಳಗೆ ಏರಿಸಿ ಮುಗಿಸಬೇಕು. ಬೆಳಿಗ್ಗೆ 11:30ಕ್ಕೆ ಬಿಚ್ಚಿದ್ದರೆ ಸಂಜೆ 5:30ಕ್ಕೆ ಗಡುವು. ‘ಬ್ಯಾಗ್ ತುಂಬಿದ್ದೇ 3 ಗಂಟೆಗೆ’ ಎಂದು ರಾತ್ರಿಯವರೆಗೆ ಎಳೆಯುವಂತಿಲ್ಲ. ಹೊರಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿರುತ್ತವೆ. ಫ್ರಿಜ್ಜಿಗೆ ಇಟ್ಟರೂ ಗಡುವು ಮುಂದೆ ಹೋಗುವುದಿಲ್ಲ. ಬ್ಯಾಗನ್ನು ಮಂಚದ ಹತ್ತಿರದಿಂದ ಕದಲಿಸಲೂ ಬೇಡಿ: ಪಕ್ಕದ ಮಂಚದವರ ಬ್ಯಾಗಿನೊಂದಿಗೆ ಅದಲುಬದಲಾದರೆ ‘ನಮ್ಮದೇ ರಕ್ತ’ ಎಂಬ ಮಾತಿಗೆ ಅರ್ಥವೇ ಇಲ್ಲ.

ಏರಿಸುವಾಗ ಕಿಟ್ಟಿನ ಜೊತೆ ಬರುವ 40 ಮೈಕ್ರಾನ್ ಫಿಲ್ಟರ್ ಕಡ್ಡಾಯ. ಅದೇ ಲೈನಿನಲ್ಲಿ ಔಷಧ ಸೇರಿಸಬಾರದು. ಕೊಬ್ಬು ಮೇಲೆ ತೇಲುತ್ತಿದ್ದು ಕೊನೆಗೆ ಇಳಿದು ಬರುವುದರಿಂದ ಕೊನೆಯ ಸ್ವಲ್ಪ ರಕ್ತವನ್ನು ಬ್ಯಾಗಿನಲ್ಲೇ ಬಿಟ್ಟುಬಿಡಿ. ಹಿಂಡಿ ಖಾಲಿ ಮಾಡುವ ಅಭ್ಯಾಸ ಕೆಟ್ಟದ್ದು. ಒಟ್ಟು ಪ್ರಮಾಣ ಸಾಮಾನ್ಯವಾಗಿ 1000 ಮಿಲಿ ಮೀರಬಾರದು. ಸಿಕ್ಕಿದ್ದು 100 ಮಿಲಿಯಷ್ಟೇ ಆದರೆ ಚೆಲ್ಲುವುದೇ ಜಾಣತನ.

ಮೊದಲ 15 ನಿಮಿಷ ನರ್ಸ್ ಪಕ್ಕದಲ್ಲೇ ಇರಬೇಕು. ಚಳಿ ನಡುಕ, ಜ್ವರ, ಉಸಿರುಕಟ್ಟುವಿಕೆ, ಬಿಪಿ ಕುಸಿತ, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಿ, ಹೊಸ ಸೆಟ್ಟಿನಲ್ಲಿ ನಾರ್ಮಲ್ ಸಲೈನ್ ಹಾಕಿ ಡಾಕ್ಟರನ್ನು ಕರೆಯಿರಿ. ಮೂತ್ರದ ಚೀಲದಲ್ಲಿ ಕಡು ಚಹಾದ ಬಣ್ಣ ಕಂಡರೆ, ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಹೋಗುತ್ತಿರಬಹುದು, ಅದನ್ನೂ ಹೇಳಿ.

ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧ ಕೊಟ್ಟಾಗ ರಕ್ತ ಸೋರುವುದೇ ಕಡಿಮೆಯಾಗುವುದರಿಂದ ಈಗ ಎಷ್ಟೋ ಸರ್ಜನ್‌ಗಳು ಈ ಕಿಟ್ ಕೇಳುವುದೇ ಇಲ್ಲ. ದುಡ್ಡು ಹಾಕುವುದಿದ್ದರೆ ಆಪರೇಷನ್ನಿಗೆ ಮೂರ್ನಾಲ್ಕು ವಾರ ಮೊದಲೇ ಹಿಮೋಗ್ಲೋಬಿನ್ ನೋಡಿಸಿ, ಕಡಿಮೆಯಿದ್ದರೆ ಡಾಕ್ಟರು ಹೇಳಿದಂತೆ ಕಬ್ಬಿಣಾಂಶದ ಚಿಕಿತ್ಸೆ ಶುರುಮಾಡುವುದು ಮೇಲು. ಕಿಟ್ ಇದ್ದರೂ ಬ್ಲಡ್ ಬ್ಯಾಂಕಿನಲ್ಲಿ ಕ್ರಾಸ್‌ಮ್ಯಾಚ್ (ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿಡುವುದನ್ನು ತಪ್ಪಿಸಬೇಡಿ.